ಹಿಮವಿಲ್ಲದ ಪರ್ವತದ ಹಿಂಜರಿತ

ಗಂಗೋತ್ರಿಯ ಹಿಮನದಿ ಹಿಂದೆ ಸರಿಯುತ್ತಿದೆಯೆಂಬ ವಾರ್ತೆಯನ್ನೋದಿ ಅಯ್ಯೋ ಎಂದು ಪತ್ರಿಕೆಯನ್ನು ಮಡಚಿಟ್ಟು, ಮಾರ್ಚಿಗೇ ಬತ್ತಿದ ತೋಡಿನ ಚಿಂತೆಯಲ್ಲಿ ತೋಟಕ್ಕಿಳಿಯುವ ಪುತ್ತೂರು, ಸುಳ್ಯ, ಕಡಬ ಸೀಮೆಯ ಕೃಷಿಕನಿಗೆ, ಆ ವಾರ್ತೆಗೂ ಈ ತೋಡಿಗೂ ನಂಟುಂಟೆಂದು ತೋರುವುದು ಅಪರೂಪ. ಒಂದು ಋತುವಿನ ಸಂಪತ್ತನ್ನು ಇನ್ನೊಂದಕ್ಕೆ ಕಾಪಿಟ್ಟು ಕೊಡುವ ಪರ್ವತಧರ್ಮವು ಎರಡೆಡೆಯೂ ಕುಂದುತ್ತಲಿದೆ.

ಹಿಮನದಿಯೆಂಬುದು ನಿಂತ ಮಂಜಿನ ರಾಶಿಯಲ್ಲ; ಮೇಲಣ ಹಿಮದ ಭಾರಕ್ಕೆ ಅದು ಸದಾ ಇಳಿಜಾರಿನತ್ತ ಹರಿಯುತ್ತಲೇ ಇರುತ್ತದೆ. ಆ ಹರಿವು ತಂದೊಪ್ಪಿಸುವುದಕ್ಕಿಂತ ತುದಿಯಲ್ಲಿ ಕರಗುವುದು ಅಧಿಕವಾದಾಗ, ಮುಂದಕ್ಕೆ ಹರಿಯುತ್ತಿರುವಂತೆಯೇ ಅದರ ಮೂತಿ ಹಿಂದಕ್ಕೆ ಸರಿಯುತ್ತದೆ. 1935ರಲ್ಲಿ ಭೂವಿಜ್ಞಾನಿ ಆಡೆನ್ ಗಂಗೋತ್ರಿ ಹಿಮನದಿಯ ಮೂತಿಯಾದ ಗೋಮುಖದ ನಕ್ಷೆ ತೆಗೆದಂದಿನಿಂದ ಅದು ಒಂದೂವರೆ ಕಿಲೋಮೀಟರಿಗೂ ಮಿಕ್ಕು ಸರಿದಿದೆ.

1,712 ಮೀಟರ್ ಎತ್ತರದ ನಮ್ಮ ಕುಮಾರಪರ್ವತಕ್ಕೆ ಹಿಮದ ಭಾಗ್ಯವಿಲ್ಲ. ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಮಳೆಯಲ್ಲಿ ಶೋಲೆಕಾಡೂ ಹುಲ್ಲುಗಾವಲೂ ಕೆಳಗಣ ಮುರಕಲ್ಲಿನ ಗುಡ್ಡಗಳೂ ಹೀರಿಕೊಂಡಷ್ಟೇ, ಕುಕ್ಕೆಯನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆಗೆ ಬೇಸಗೆಯ ಬಂಡವಾಳ. ಹಿಮಾಲಯದ ಭಂಡಾರವು ಬಿಸಿಲೇರಿದಾಗಲೇ ತೆರೆದುಕೊಂಡರೆ, ನಮ್ಮದು ಮಳೆ ನಿಂತಂದಿನಿಂದ ಸೋರುತ್ತ ಬಂದು, ಅಡಿಕೆಗೆ ನೀರು ಅತ್ಯಗತ್ಯವಾದ ಮೇ ತಿಂಗಳಿಗೇ ಬರಿದಾಗುತ್ತದೆ.

ಆ ಸೋರುವಿಕೆಯನ್ನು ಕಣ್ಣಾರೆ ಕಾಣಬೇಕಾದರೆ ಕಾಸರಗೋಡಿನ ಗಡಿಯವರೆಗೆ ಹಬ್ಬಿದ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗವೊಂದನ್ನು ಹೊಗಬೇಕು: ಬಗ್ಗಿ ನಡೆಯುವಷ್ಟೇ ಅವಕಾಶ, ಮುರಕಲ್ಲಿನ ಗೋಡೆಯ ಸಣ್ಣ ರಂಧ್ರಗಳಿಂದ ಒಸರಿ ಕಾಲಡಿಯಲ್ಲಿ ಕೂಡಿದ ನೀರು, ಹೊರಗೆ ಅದನ್ನು ಮಣ್ಣಿನ ಟ್ಯಾಂಕಿಗೆ ಸಾಗಿಸುವ ಅಡಿಕೆ ದಂಬೆ. ವಿದ್ಯುತ್ತೂ ಬೇಡ, ಪಂಪೂ ಬೇಡ. ಗುಡ್ಡದ ನೆತ್ತಿಯನ್ನು ಸವರಿ, ಬುಡದಲ್ಲಿ ಕೊಳವೆಬಾವಿಗಳನ್ನು ಕೊರೆದ ಕಡೆಗಳಲ್ಲಿ ಇಂಥ ಒಸರು ಕೃಶವಾಗುವುದು ಸಹಜವೇ. ಗೋಮುಖದ ಕರಗುವಿಕೆಗೆ ಸಮಸ್ತ ಲೋಕದ ಹೊಗೆ ಕಾರಣವಾದರೆ, ಇಲ್ಲಿಯ ಅಪರಾಧದ ಬಹುಪಾಲು ನಮ್ಮೂರಿನದೇ ಎಂದು ನನ್ನ ಎಣಿಕೆ.

ಪರಿಹಾರವೂ ಊರಿನದೇ. ಮಳೆ ನಿಂತು ಹರಿವು ತಗ್ಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಮರದ ಗೂಟಗಳಿಂದ ಹಿರಿಯರು ಕಟ್ಟುತ್ತಿದ್ದ ಕಟ್ಟಗಳಿಗೆ ಈಗ ಪ್ಲಾಸ್ಟಿಕ್ ಹಾಳೆಯ ಒಳಪದರ ಬಂದಿದೆ. ಒಂಟಿ ಕಟ್ಟದಿಂದ ಲಾಭ ಅಲ್ಪ. ಸಾಲಾಗಿ ಕಟ್ಟಿದರೆ ಮೇಲಿನದರಿಂದ ಜಿನುಗಿದ್ದು ಕೆಳಗಿನದಕ್ಕೆ ಸಿಕ್ಕಿ, ಇಕ್ಕೆಲದ ಬಾವಿಗಳ ನೀರು ಏರುತ್ತದೆ. ಹೀಗೆ ಒಬ್ಬನ ಕಟ್ಟದ ಫಲ ನೆರೆಯವನ ಬಾವಿಗೂ ಸಲ್ಲುವುದರಿಂದ, ಖರ್ಚಿನ ಪಾಲು ಕೇಳುವ ಹೊತ್ತಿಗೆ ಜಗಳ ಹುಟ್ಟುವುದೂ ಉಂಟು.