ಸುಟ್ಟಿದ್ದು ಹೊಗೆಯಲ್ಲ, ಬ್ಯಾಟರಿ

ತುಮಕೂರು ಕಡೆಯ ಊರ್ಡಿಗೆರೆಯಲ್ಲಿ ಬೀಡಿಯ ಕಿಡಿ ಬಿದ್ದು ಪಂಚೆ ತೂತಾಗುವುದು ಹೊಸದೇನಲ್ಲ. ಇ-ಸಿಗರೇಟಿನ ಸುಟ್ಟಗಾಯ ಆ ಜಾತಿಯದಲ್ಲ. ಸೇದದೆ ಸುಮ್ಮನೆ ಜೇಬಿನಲ್ಲಿಟ್ಟುಕೊಂಡರೂ ಅದು ತೊಡೆಯನ್ನು ಸುಡಬಲ್ಲದು, ಕಾರಣ ಅದರೊಳಗಿನ ಲಿಥಿಯಂ ಅಯಾನ್ ಬ್ಯಾಟರಿ.

ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿದ್ದು 1991ರಲ್ಲಿ. ಚೀನಾದ ಔಷಧತಜ್ಞ ಹಾನ್ ಲಿಕ್ ಇ-ಸಿಗರೇಟನ್ನು ರೂಪಿಸಿದ್ದು 2003ರ ಹೊತ್ತಿಗೆ. ಮೊದಮೊದಲು ಅದು ಮಾಮೂಲಿ ಸಿಗರೇಟಿನಷ್ಟೇ ಇತ್ತು, ಒಳಗಿನ ಬ್ಯಾಟರಿಯೂ ಪುಟ್ಟದು. ಹೊಗೆ ದಟ್ಟವಾಗಿ ಬರಬೇಕೆಂಬ ಆಸೆ ಹುಟ್ಟಿದ ಮೇಲೆ ಸಾಧನ ದೊಡ್ಡದಾಯಿತು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಸೆಲ್ಲು ಅದರೊಳಗೆ ಬಂದು ಕೂತಿತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದೂ ಇದೇ ಸೆಲ್ಲು. ಆದರೆ ಅಲ್ಲಿ ಕಾಯಲು ಸರ್ಕ್ಯೂಟ್ ಇರುತ್ತಿತ್ತು. ಜೇಬಿನಲ್ಲಿ ಬಿಡಿಯಾಗಿ ಬಿದ್ದಿರುವ ಹೆಚ್ಚುವರಿ ಸೆಲ್ಲಿಗೆ ಯಾವ ಕಾವಲು? ಬೀಗದ ಕೈಯೋ ಚಿಲ್ಲರೆ ಕಾಸೋ ಅದರ ಪ್ಲಸ್ಸು ಮೈನಸ್ಸುಗಳನ್ನು ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತಾ ಹೋಗಿ ಒಳಗಿನ ದ್ರಾವಣ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಕೊಳವೆಯಂಥ ಸಾಧನದಲ್ಲಿ ಒತ್ತಡ ತುದಿಯಿಂದಲೇ ಹೊರನುಗ್ಗುವುದರಿಂದ ಸೆಲ್ಲು ರಾಕೆಟ್ಟಿನಂತೆ ಚಿಮ್ಮುವುದೂ ಉಂಟು.

2009ರಿಂದ 2016ರವರೆಗೆ ಅಮೆರಿಕದ ಅಗ್ನಿಶಾಮಕ ಆಡಳಿತ ಇಂಥ 195 ಘಟನೆಗಳನ್ನು ಪಟ್ಟಿ ಮಾಡಿತು. 38 ಗಾಯಗಳು ತೀವ್ರವಾಗಿದ್ದವು. ಸಿಯಾಟಲ್ ನಗರದ ಒಂದೇ ಆಸ್ಪತ್ರೆಗೆ 2015ರ ಅಕ್ಟೋಬರ್‌ನಿಂದ 2016ರ ಜೂನ್‌ವರೆಗೆ 15 ಮಂದಿ ಬಂದರು. ಮೂರರಲ್ಲಿ ಒಬ್ಬರಿಗೆ ರಾಸಾಯನಿಕದಿಂದಲೂ ಚರ್ಮ ಸುಟ್ಟಿತ್ತು.

ಅದೇ 2016ರ ಜೂನ್‌ನಲ್ಲಿ ಕರ್ನಾಟಕ ಇ-ಸಿಗರೇಟನ್ನು ನಿಷೇಧಿಸಿತು. ಆಗಿನ ಆತಂಕ ಬೆಂಕಿಯದಲ್ಲ, ನಿಕೋಟಿನ್ ಚಟದ್ದು. 2019ರಲ್ಲಿ ಇಡೀ ದೇಶಕ್ಕೇ ಕಾಯಿದೆ ಬಂತು. ತಯಾರಿಕೆ, ಮಾರಾಟ, ಆಮದು, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಬರೀ ಸೇದಿದ್ದಕ್ಕೆ ಮಾತ್ರ ಅದರಲ್ಲಿ ಶಿಕ್ಷೆಯಿಲ್ಲ.

ಇದನ್ನು ಒತ್ತಿ ಹೇಳಬೇಕು. ನಿಷೇಧವಿರುವ ಕಡೆ ಹುಡುಗರು ಪೊಲೀಸರಿಗೂ ಹೆದರುತ್ತಾರೆ, ಅಪ್ಪನಿಗೂ ಹೆದರುತ್ತಾರೆ. ಹೆದರಿದವನು ಬಿಸಿನೀರು ಚೆಲ್ಲಿತೆಂದು ಸುಳ್ಳು ಹೇಳಿದರೆ ವೈದ್ಯರು ಬಿಸಿನೀರಿನ ಗಾಯಕ್ಕೇ ಔಷಧ ಮಾಡುತ್ತಾರೆ. ಬ್ಯಾಟರಿಯಿಂದ ಸೋರಿದ್ದು ಕ್ಷಾರವಾಗಿದ್ದರೆ ಬೆಂಕಿ ಆರಿದ ಮೇಲೂ ಅದು ಚರ್ಮವನ್ನು ತಿನ್ನುತ್ತಲೇ ಇರುತ್ತದೆ. ಲಿಟ್ಮಸ್ ಕಾಗದ ತಾಗಿಸಿ ನೋಡಿದರೆ ಅದು ಗೊತ್ತಾಗುತ್ತದೆ, ಆದರೆ ನೋಡಬೇಕೆಂದು ವೈದ್ಯರಿಗೆ ಯಾರಾದರೂ ಸುಳಿವು ಕೊಡಬೇಕು. ಊರ್ಡಿಗೆರೆಯಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಹೋಗಲಿ, ಅಲ್ಲಿಂದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಹೋಗಲಿ, ಮೊದಲು ಹೇಳಬೇಕಾದದ್ದು ‘ಬ್ಯಾಟರಿ ಸಿಡಿಯಿತು’ ಎಂದು. ಸಿಡಿದದ್ದು ಇ-ಸಿಗರೇಟೋ ಪವರ್ ಬ್ಯಾಂಕೋ ಮೊಬೈಲೋ, ಪರೀಕ್ಷೆ ಅದೇ.