ತೋಟದ ಲೆಕ್ಕಕ್ಕೆ ಮೊಬೈಲಿನ ಹಾಳೆ

ಅಂಕೋಲಾದ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಆದರೂ ಮರವನ್ನು ಗುತ್ತಿಗೆಗೆ ಕೊಡುವಾಗ ಕಳೆದ ವರ್ಷದ ಕಾಯಿಯ ಲೆಕ್ಕ ನಿಮ್ಮಲ್ಲಿಲ್ಲದಿದ್ದರೆ ಗುತ್ತಿಗೆದಾರ ಹೇಳಿದ್ದೇ ದರ.

‘ಗೂಗಲ್ ಶೀಟ್ಸ್’ ಎಂಬ ಲೆಕ್ಕದ ಹಾಳೆ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಬರೆಯಬಹುದು. ಮರಕ್ಕೊಂದು ಸಾಲಿನಂತೆ ಕಾಯಿ, ಕೂಲಿ, ಗೊಬ್ಬರ, ಬಂದ ಹಣ ಇವನ್ನು ನಮೂದಿಸಿರಿ. ಮನೆಖರ್ಚಿಗೆ ಬೇರೆ ಹಾಳೆಯಿರಲಿ. ಎರಡನ್ನೂ ಬೆರೆಸಿದರೆ ತೋಟದ ಲಾಭ ಎಂದಿಗೂ ತಿಳಿಯದು. ಕಾರವಾರದಲ್ಲಿ ಓದುವ ಮಗಳಿಗೆ ಹಾಳೆಯನ್ನು ಹಂಚಿಕೊಂಡರೆ ಅವಳು ಅಲ್ಲಿಂದಲೇ ತಪ್ಪು ತಿದ್ದಬಲ್ಲಳು. ಪಾಸ್‌ವರ್ಡ್ ಕೊಡುವ ಅಗತ್ಯವಿಲ್ಲ.

ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದುಂಟು. ಹಾಳೆಯನ್ನು ಮುಂಚಿತವಾಗಿಯೇ ‘ಆಫ್‌ಲೈನ್’ ಮಾಡಿಟ್ಟರೆ, ಆಗ ಬರೆದದ್ದು ಸಂಪರ್ಕ ಬಂದೊಡನೆ ತಾನಾಗಿ ಸೇರಿಕೊಳ್ಳುತ್ತದೆ. ಮೊದಲ ಹಂಗಾಮಿನಲ್ಲಿ ಹಳೆಯ ವಹಿಯನ್ನೂ ಜೊತೆಗೆ ಬರೆಯುತ್ತಿರಿ.