ಮಕುಸಾನಿ: ಬಿಳಿ ಮಂದೆಯ ಊರು

ಮಕುಸಾನಿಯಲ್ಲಿ ಮೆಕ್ಕೆಜೋಳ ಬೆಳೆಯುವುದಿಲ್ಲ. ದಕ್ಷಿಣ ಪೆರುವಿನ ಪುನೊ ಪ್ರಾಂತದ ಈ ಊರಿರುವುದು ಸುಮಾರು 4,300 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಸಾಲದು. ಕಣ್ಣು ಹಾಯಿಸಿದಷ್ಟೂ ಒರಟು ಇಚು ಹುಲ್ಲು, ನಡುನಡುವೆ ಜೌಗು, ಹಿಂದೆ ಅಲ್ಲಿನ್ ಕಾಪಾಕ್ ಹಿಮಶಿಖರ. ಇಂಥ ನೆಲ ನೆಚ್ಚಿಕೊಂಡಿರುವುದು ಒಂಟೆಯ ಬಳಗದ, ಉಣ್ಣೆಗಾಗಿ ಸಾಕುವ ಅಲ್ಪಾಕಾವನ್ನು. ಜಗತ್ತಿನ ಅಲ್ಪಾಕಾ ರಾಜಧಾನಿ ಎಂಬ ಬಿರುದೇ ಊರಿಗಿದೆ. ಬಿರುದು ನಂಬಿ ಹೋದವರಿಗೆ ಕಾಣುವುದು ಚಳಿಗೆ ಮುದುಡಿದ ಚಿಕ್ಕ ಪೇಟೆ. ಅಸಲಿ ಊರು ಪೇಟೆಯಾಚೆ, ಗುಡ್ಡಗಳ ಕಲ್ಲಿನ ದೊಡ್ಡಿಗಳಲ್ಲಿದೆ.

ಅಲ್ಲಿ ಬೆಳಗು ಶುರುವಾಗುವುದು ಹಿಕ್ಕೆಯ ಒಲೆಯಿಂದ. ಸೌದೆಗೆ ಮರವೆಲ್ಲಿದೆ? ಅಲ್ಪಾಕಾಗಳೆಲ್ಲ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವುದರಿಂದ ಬಾಚಿಕೊಳ್ಳುವುದೂ ಸುಲಭ. (ಈ ಶಿಸ್ತು ನಮ್ಮ ಬಸ್ ನಿಲ್ದಾಣಗಳಿಗೆ ಬಂದಿದ್ದರೆ!) ಬಿಸಿಲೇರಿದ ಮೇಲೆ ಮಂದೆ ಹೊರಡುತ್ತದೆ, ಬಹಳ ಮನೆಗಳಲ್ಲಿ ಅದರ ಹಿಂದೆ ನಡೆಯುವವರು ಹೆಂಗಸರು, ಮಕ್ಕಳು.

ಜನವರಿಯಿಂದ ಮಾರ್ಚ್‌ವರೆಗೆ ಮಳೆಯೂ ಹೌದು, ಮರಿ ಹಾಕುವ ಕಾಲವೂ ಹೌದು. ಹನ್ನೊಂದು ತಿಂಗಳು ದಾಟಿದ ಬಸಿರಿಗೆ ಒಂದೇ ಮರಿ. ಹೆಚ್ಚಿನವು ಹುಟ್ಟುವುದು ಮಧ್ಯಾಹ್ನದೊಳಗೆ, ರಾತ್ರಿಯ ಚಳಿ ಇಳಿಯುವ ಮುನ್ನ ಮೈ ಒಣಗುವಷ್ಟು ಹೊತ್ತಿಟ್ಟುಕೊಂಡು. ಅಷ್ಟರಲ್ಲಿ ಆಲಿಕಲ್ಲು ಬಿದ್ದರೆ, ನರಿ ಹೊಂಚಿದರೆ, ಒಂದು ವರ್ಷದ ಕಾಯುವಿಕೆ ಹೋಯಿತು.

ಮಳೆ ನಿಂತು ಗುಡ್ಡದ ಹುಲ್ಲು ಒಣಗಿದಾಗ ಮಂದೆ ಜೌಗಿಗೆ ಸಾಗುತ್ತದೆ, ಮನೆಯವರೂ ಅಲ್ಲಿನ ಗುಡಿಸಲಿಗೆ ಬಿಡಾರ ಬದಲಿಸುತ್ತಾರೆ. ಆ ಜೌಗು ಪೂರ್ತಿ ಪ್ರಕೃತಿಯ ಕೊಡುಗೆಯಲ್ಲ. ಹಿಮ ಕರಗಿದ ನೀರನ್ನು ಸಣ್ಣ ಕಾಲುವೆ ತೋಡಿ ಹರಿಸಿ, ಹಸಿರನ್ನು ಹಿಗ್ಗಿಸಿದವರು ಇದೇ ಸಾಕಣೆದಾರರು. ಈಗ ಹಿಮವೇ ಹಿಂದೆ ಸರಿಯುತ್ತಿದೆ.

ಇನ್ನೊಂದು ಪಯಣ ಕೆಳಮುಖವಾದದ್ದು. ಅಲ್ಪಾಕಾ ಹೊರೆ ಹೊರುವ ಪ್ರಾಣಿಯಲ್ಲ. ಆ ಕೆಲಸ ಅದರ ದಾಯಾದಿ ಲಾಮಾದ್ದು. ಬೆನ್ನಿಗೆ 25-30 ಕಿಲೊ ಹೇರಿಕೊಂಡ ಲಾಮಾಗಳ ಸಾಲು ಒಣಮಾಂಸ, ಉಣ್ಣೆ ಹೊತ್ತು ಕಣಿವೆಗಿಳಿದು, ಮೆಕ್ಕೆಜೋಳ ಹೊತ್ತು ಹತ್ತುತ್ತಿತ್ತು. ಈಗ ಬ್ರೆಜಿಲ್‌ವರೆಗೆ ಹೋಗುವ ಹೆದ್ದಾರಿ ಮಕುಸಾನಿಯನ್ನು ಹಾದಿದೆ, ಲಾರಿ ಬಂದಿದೆ.

ಅಲ್ಪಾಕಾದ ಉಣ್ಣೆ ಅರೆಕಿಪಾ ನಗರದ ಗಿರಣಿಗಳಿಗೆ ಹೋಗುತ್ತದೆ. ಗಿರಣಿಗೆ ಬೇಕಾದದ್ದು ಬಿಳಿ, ಯಾವ ಬಣ್ಣವನ್ನಾದರೂ ಹಿಡಿಸಬಹುದಲ್ಲ. ಹಾಗಾಗಿ ಕಪ್ಪು, ಕಂದು, ಬೂದು ಅಲ್ಪಾಕಾಗಳು ಮಂದೆಯಿಂದ ಕರಗುತ್ತ ಬಂದವು. ಹುಟ್ಟಿನಿಂದ ಬಂದ ಬಣ್ಣವನ್ನು ಕಳೆದುಕೊಂಡು, ಬಿಳಿಗೆ ಬಣ್ಣ ಹಾಕಿ ಮಾರುವ ಈ ವ್ಯಾಪಾರ ನನಗಂತೂ ತಿರುಗುಮುರುಗಾಗಿ ಕಾಣುತ್ತದೆ.

ಅಂದಹಾಗೆ, ದುಬಾರಿ ಶಾಲಿನ ಮೇಲೆ ‘ಬೇಬಿ ಅಲ್ಪಾಕಾ’ ಎಂಬ ಚೀಟಿ ಕಂಡರೆ ಮರಿಯ ಉಣ್ಣೆ ಎಂದುಕೊಳ್ಳಬೇಡಿ. ಅದು ಉಣ್ಣೆಯೆಳೆಯ ನಯಕ್ಕಿಟ್ಟ ಹೆಸರು. ಉಣ್ಣೆ ಬೆಳೆದ ಅಲ್ಪಾಕಾದ್ದೂ ಆಗಿರಬಹುದು.